ಕುಸುಬಿ ಎಣ್ಣೆ ಕುಡಿದ ಇಟಲಿ ಗಾಡಿ

ನನ್ನ ಮಗ ಆ ಗಾಡಿಯನ್ನು ತಂದ ದಿನ ಅದು ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ಮಲಗಿಕೊಂಡು ಬಂತು. ಮಲಗಿಕೊಂಡು ಬಂದ ಎತ್ತುಗಳನ್ನು ನಾನು ನೋಡಿದ್ದೇನೆ. ಅವು ಮತ್ತೆ ಏಳುವುದಿಲ್ಲ. ಆದ್ದರಿಂದ ನಾನು ಆರತಿ ತಟ್ಟೆ ತರಲಿಲ್ಲ.

ಆಳಂದದ ಒಬ್ಬ ತೊಗರಿ ವ್ಯಾಪಾರಿಯ ಮಗ ಆ ಮೋಟರ್ ಸೈಕಲ್ಲನ್ನು ಪುಣೆಯಿಂದ ತರಿಸಿದ್ದನಂತೆ. ಒಂದು ಸಲ ಬಿದ್ದ. ಇನ್ನೊಂದು ಸಲ ಬೀಳಲು ಅವನ ಅಪ್ಪ ಬಿಡಲಿಲ್ಲ. ಗಾಡಿಯನ್ನು ಗೋದಾಮಿನಲ್ಲಿ ತೊಗರಿ ಚೀಲಗಳ ಹಿಂದೆ ನಿಲ್ಲಿಸಿಬಿಟ್ಟ. ನನ್ನ ಮಗ ಅವರ ಬೇಳೆ ಮಿಲ್ಲಿನ ಮಷಿನ್ ರಿಪೇರಿಗೆ ಹೋಗುತ್ತಿದ್ದ. ಹೋದಾಗಲೆಲ್ಲ ಗೋದಾಮಿಗೆ ಹೋಗಿ ಅದನ್ನು ನೋಡಿ ಬರುತ್ತಿದ್ದನಂತೆ, ಹೆಣ್ಣು ನೋಡಲು ಹೋದವರ ಹಾಗೆ. ಕೊನೆಗೆ ಅವರೇ ಬೇಸತ್ತು ಒಯ್ದುಬಿಡು ಎಂದರು.

“ಏನ್ಲೇ ಇದು?” ಎಂದು ಕೇಳಿದೆ.

“ಇಟಲಿ ಗಾಡಿ ಬೇ ಅವ್ವಾ.”

“ಇಟಲಿ ಎಲ್ಲೈತಿ?”

“ಭಾಳ ದೂರ ಐತಿ.”

“ಅಲ್ಲಿಂದ ಬರೂವಾಗನ ಹಿಂಗ ಬಂತೋ, ಆಳಂದಕ್ಕ ಬಂದ ಮ್ಯಾಲ ಹಿಂಗಾತೋ?”

ನಮ್ಮ ಮುದುಕ, ಅಂದರೆ ನನ್ನ ಗಂಡ, ಕೋಲೂರಿಕೊಂಡು ಬಂದು ಅದರ ಸುತ್ತ ಒಂದು ಸುತ್ತು ಹಾಕಿದ. ಮೈ ಮೇಲೆ ಕೈಯಾಡಿಸಿದ. ಕೆಂಪು ಬಣ್ಣ, ಒಂದು ಮಗ್ಗಲು ಪೂರ್ತಿ ಕೆತ್ತಿಹೋಗಿತ್ತು.

“ಸುಳಿ ನೋಡಿ ತಂದಿಯೇನೋ?” ಎಂದ.

ಎತ್ತು ಕೊಳ್ಳುವವರು ಮೊದಲು ಮೈಮೇಲಿನ ಕೂದಲಿನ ಸುಳಿ ನೋಡುತ್ತಾರೆ, ಶುಭವೋ ಅಶುಭವೋ ಎಂದು. ಅದರ ಹಿಂದಿನ ವರ್ಷವಷ್ಟೇ ನಾವು ಎತ್ತುಗಳನ್ನು ಮಾರಿದ್ದೆವು. ಕರಜಗಿಯಲ್ಲಿ ಈಗ ಎಲ್ಲರೂ ಬಾಡಿಗೆ ಟ್ರ್ಯಾಕ್ಟರಿನಲ್ಲೇ ಉಳುವುದು. ಕೊಟ್ಟಿಗೆ ಖಾಲಿ ಬಿದ್ದಿತ್ತು, ಗಾಡಿಯನ್ನು ಅಲ್ಲಿ ನಿಲ್ಲಿಸಿದರು. ಎತ್ತು ಮೇಯುತ್ತಿದ್ದ ಗೋದಲಿಯಲ್ಲಿ ಮಗ ತನ್ನ ಪಾನಾ, ಸ್ಕ್ರೂಡ್ರೈವರು, ಸುತ್ತಿಗೆ ಎಲ್ಲ ಹರವಿಟ್ಟ. ಮುದುಕ ಬೆಳಿಗ್ಗೆ ಎದ್ದವನು ಅಭ್ಯಾಸಬಲದಿಂದ ಕೊಟ್ಟಿಗೆಗೆ ಹೋಗುವುದು, ಗಾಡಿಯನ್ನು ನೋಡುವುದು, ವಾಪಸ್ಸು ಬರುವುದು.

“ಸಗಣಿ ಹಾಕಂಗಿಲ್ಲ, ಅದೊಂದು ಚಲೋ,” ಎನ್ನುವುದು.

ಆ ಗಾಡಿಗೆ ಒಂದು ಕೆಟ್ಟ ಗುಣವಿತ್ತು. ಅದರ ಕಾಲು, ಅಂದರೆ ಸ್ಟ್ಯಾಂಡು, ಗಾಡಿಯನ್ನು ಸ್ವಲ್ಪ ಎತ್ತಿದರೆ ಸಾಕು, ತಾನೇ ಮಡಚಿಕೊಳ್ಳುತ್ತಿತ್ತು. ನಿಂತಿದೆ ಎಂದುಕೊಂಡು ಕೈ ಬಿಟ್ಟರೆ ಮಲಗಿರುತ್ತಿತ್ತು. ಇಟಲಿಯವರು ಹಾಗೇ ಮಾಡುತ್ತಾರಂತೆ, ಕಾಲು ಬಿಟ್ಟುಕೊಂಡು ಓಡಿಸಬಾರದು ಎಂದು. ಮಗ ಮೊದಲು ಬದಲಿಸಿದ್ದು ಅದನ್ನೇ. ಹೊಸ ಕಾಲು ನಮ್ಮ ಎರೆಮಣ್ಣಿನಲ್ಲಿ ಹೂತುಹೋಗುತ್ತಿತ್ತು, ಅದಕ್ಕೆ ಅಂಗೈಯಗಲದ ಕಬ್ಬಿಣದ ತಗಡು ಹಚ್ಚಿದ. ಆನೆಯ ಪಾದದ ಹಾಗೆ ಕಾಣುತ್ತಿತ್ತು. ಬೀಳುವುದು ನಿಂತಿತು.

ಆಮೇಲೆ ಅದನ್ನು ಬಿಚ್ಚಿದ. ಅದು ಗಾಳಿ ಎಳೆದುಕೊಳ್ಳುವ ಡಬ್ಬಿಯೊಳಗೆ ಇಲಿ ಗೂಡು ಕಟ್ಟಿತ್ತು. ಗೂಡಿನ ಜೊತೆ ಒಂದು ಬೊಗಸೆ ತೊಗರಿ ಬಿತ್ತು. ಒಳ್ಳೆಯ ತೊಗರಿಯೇ. ಆದರೆ ಇಲಿ ವಾಸನೆ, ಕೋಳಿಗೆ ಹಾಕಿದೆ. ಎಂಜಿನ್ನಿನ ಮಗ್ಗಲಲ್ಲಿ ಹಲ್ಲಿರುವ ರಬ್ಬರ್ ಪಟ್ಟಾಗಳಿದ್ದವು. ಹಿಟ್ಟಿನ ಗಿರಣಿ ಪಟ್ಟಾ ಹರಿದರೆ ಹಿಟ್ಟು ನಿಲ್ಲುತ್ತದೆ, ಅಷ್ಟೇ. ಇದರ ಪಟ್ಟಾ ಹರಿದರೆ ಒಳಗಿನದೆಲ್ಲ ಒಂದಕ್ಕೊಂದು ಬಡಿದು ಗಾಡಿಯೇ ಸಾಯುತ್ತದಂತೆ. ಹೊಸ ಪಟ್ಟಾ ಫೋನಿನಲ್ಲಿ ತರಿಸಿದ. ಅಫಜಲಪುರದ ಕೊರಿಯರ್ ಅಂಗಡಿಗೆ ಹೋಗಿ ತಂದು, ನನ್ನ ಕೈಗೆ ಬ್ಯಾಟರಿ ಕೊಟ್ಟು, “ಅವ್ವಾ, ಇಲ್ಲಿ ಬೆಳಕ ಹಿಡಿ. ಅಲ್ಲಲ್ಲ, ಇಲ್ಲಿ,” ಎಂದು ದಿನವಿಡೀ ನಿಲ್ಲಿಸಿದ. ನನ್ನ ಕೈ ನಡುಗಿದರೆ ಬೈಯುತ್ತಿದ್ದ. ತೊಟ್ಟಿಲಲ್ಲಿ ಅವನಿಗೆ ಬೆಳಕು ಹಿಡಿದದ್ದು ಇದೇ ಕೈ ಎಂದು ನಾನು ಹೇಳಲಿಲ್ಲ. ಹೇಳಿದ್ದರೂ ಅಲ್ಲಲ್ಲ ಇಲ್ಲಿ ಎಂದೇ ಅನ್ನುತ್ತಿದ್ದ.

ಒಂದು ದಿನ ಅದು ಚಾಲೂ ಆಯಿತು. ಕೋಳಿಗಳೆಲ್ಲ ಮಾಳಿಗೆ ಹತ್ತಿದವು.

ಚಾಲೂ ಆದದ್ದೇನೋ ಸರಿ. ಆದರೆ ಅದರ ಹೊಟ್ಟೆಯಲ್ಲಿ ಕಟಕಟ ಕಟಕಟ ಎಂದು ಸದ್ದು. ಸ್ಟೀಲ್ ಡಬ್ಬಿಯಲ್ಲಿ ಚಮಚ ಹಾಕಿ ಅಲ್ಲಾಡಿಸಿದ ಹಾಗೆ.

“ಏನೋ ಮುರದೈತಿ,” ಎಂದ ಮುದುಕ.

“ಏನೂ ಮುರದಿಲ್ಲಪಾ. ಇದರ ಕ್ಲಚ್ ಒಣಾ ಕ್ಲಚ್. ಬ್ಯಾರೆ ಗಾಡಿದು ಎಣ್ಣ್ಯಾಗ ಮುಳಗಿರತೈತಿ, ಇದರದು ಗಾಳ್ಯಾಗ ಇರತೈತಿ. ಸಪ್ಪಳ ಮಾಡಿದ್ರನ ಇದು ಆರಾಮ ಐತಿ ಅಂತ ತಿಳೀಬೇಕು.”

“ಒಣಗೇತಿ ಅಂತ ನೀನ ಅಂದಿ. ಒಣಗಿದ್ರ ಎಣ್ಣಿ ಹಾಕಬೇಕು.”

“ಎಣ್ಣಿ ಹಾಕಬಾರದು!”

ಮುದುಕ ಸುಮ್ಮನಾದ. ಅವನು ಸುಮ್ಮನಾದರೆ ಒಪ್ಪಿದ್ದಾನೆ ಎಂದು ಮದುವೆಯಾದ ಹೊಸತರಲ್ಲಿ ನಾನೂ ತಿಳಿದಿದ್ದೆ.

ಮಗನಿಗೆ ಆ ಸದ್ದು ಎಷ್ಟು ಹಿಡಿಸಿತ್ತೆಂದರೆ, ಅದು ಇನ್ನೂ ಚೆನ್ನಾಗಿ ಕೇಳಲಿ ಎಂದು ಬಲಗಡೆ ಕ್ಲಚ್ಚಿನ ಮುಚ್ಚಳಕ್ಕೆ ಕಿಟಕಿಗಳನ್ನು ಕೊರೆಸಿಕೊಂಡು ಬಂದ. ಗಾಡಿ ಪ್ರೀತಿಸುವವರು ಹಾಗೆ ಕೊರೆಸುತ್ತಾರಂತೆ, ಒಳಗೆ ಗಾಳಿಯೂ ಆಡುತ್ತದಂತೆ. ಈ ಕಿಟಕಿಯ ವಿಷಯ ನೆನಪಿನಲ್ಲಿರಲಿ.

ಈಗ ಸೊಸೆಯ ಮಾತು. ಅವಳು ಯಡ್ರಾಮಿಯವಳು. ಬ್ಲೌಸು ಹೊಲಿಯುತ್ತಾಳೆ. ಅವಳ ಕೈಯ ಕತ್ತರಿಗಿಂತ ಬಾಯಿ ಹರಿತ. ಗಾಡಿ ಬಂದಂದಿನಿಂದ ಅದನ್ನು “ನನ್ನ ಸವತಿ” ಎನ್ನುತ್ತಿದ್ದಳು. ಆದರೂ ಚಾಲೂ ಆದ ಮೇಲೆ ಗಂಡ ಕರೆದನೆಂದು ಅಫಜಲಪುರದ ಸಂತೆಗೆ ಅದರ ಮೇಲೆ ಹೋದಳು. ಆ ಗಾಡಿಗೆ ಇದ್ದದ್ದು ಒಬ್ಬರೇ ಕೂರುವ ಸೀಟು. ಹಿಂದೆ ಒಂದು ಡುಬ್ಬ, ಡುಬ್ಬದ ಕೆಳಗೆ ಹೊಗೆಯ ಎರಡು ಬಾಯಿ. ಮಗ ಡುಬ್ಬ ತೆಗೆದು ಒಂದು ದಿಂಬು ಕಟ್ಟಿದ್ದ.

ಅಫಜಲಪುರದ ಬಸ್ ಸ್ಟ್ಯಾಂಡಿನ ಎದುರು ಅವಳ ಸೆರಗು ಚೈನಿಗೆ ಸಿಕ್ಕಿತು. ಮಗ ಬ್ರೇಕು ಒತ್ತಿದ. ಗಾಡಿ ನಿಂತಿತು. ಸೀರೆ ನಿಲ್ಲಲಿಲ್ಲ.

ಪುಣ್ಯಕ್ಕೆ ಮೈಗೆ ಏಟಾಗಲಿಲ್ಲ. ಲಂಗದಲ್ಲಿ ನಿಂತಿದ್ದ ಅವಳಿಗೆ ಬಾಳೆಹಣ್ಣು ಮಾರುವ ಹೆಂಗಸು ತನ್ನ ಚಾದರ ಕೊಟ್ಟಳಂತೆ. ಅದನ್ನು ಸುತ್ತಿಕೊಂಡು ಎದುರಿನ ಅಂಗಡಿಗೆ ಹೋಗಿ, ಒಂದು ಸೀರೆ ಕೊಂಡು ಉಟ್ಟು, ಚಾದರ ಮಡಚಿ ವಾಪಸ್ಸು ಕೊಟ್ಟು, ಅಲ್ಲಿಂದಲೇ ಜೇವರ್ಗಿ ಬಸ್ಸು ಹತ್ತಿ ತವರಿಗೆ ಹೋದಳು. ಗಂಡನ ಕಡೆ ತಿರುಗಿ ನೋಡಲಿಲ್ಲ. ಅವನು ಚೈನಿನಿಂದ ಸೀರೆ ಬಿಡಿಸುತ್ತಾ ಕೂತಿದ್ದ.

ಮಗ ಯಡ್ರಾಮಿಗೆ ಹೋದ, ಬಸ್ಸಿನಲ್ಲೇ. ಗಾಡಿ ಮಾರು ಎಂದಳು. ಬೇರೆ ಏನಾದರೂ ಕೇಳು ಎಂದನಂತೆ. ಅವಳು ಬಾಗಿಲು ಹಾಕಿಕೊಂಡಳು. ಬಂದವನು ಕೊಟ್ಟಿಗೆಗೆ ಹೋಗಿ ಗಾಡಿ ಒರೆಸುತ್ತಾ ಕೂತ. ಊಟಕ್ಕೆ ಕರೆದರೆ ಎದ್ದು ಬಂದು, ಎರಡು ತಾಟು ಹಾಕಿ, ಒಂದನ್ನು ಮತ್ತೆ ಎತ್ತಿಡುತ್ತಿದ್ದ. ಹೀಗೇ ಎಷ್ಟೋ ದಿನ ನಡೆಯಿತು. ಊಟಕ್ಕೆ ಬಡಿಸುವವಳು ನಾನು, ಅದಕ್ಕೆ ಗೊತ್ತು.

ನನಗೂ ಸೊಸೆ ಬೇಕಾಗಿದ್ದಳು. ಪ್ರೀತಿ ಗೀತಿ ಅಂತಲ್ಲ. ಅವಳಿದ್ದರೆ ಜಗಳಕ್ಕೆ ನನಗೊಂದು ಸರಿಜೋಡಿ. ಮಗನ ಜೊತೆ ಜಗಳ ತೆಗೆದರೆ ಪಾನಾ ಹಿಡಿದು ಎದ್ದು ಹೋಗುತ್ತಾನೆ. ಮುದುಕನ ಜೊತೆ ತೆಗೆದರೆ ಅವನಿಗೆ ಆಗ ಮಾತ್ರ ಕಿವಿ ಕೇಳಿಸುವುದಿಲ್ಲ. ಅಷ್ಟರಲ್ಲಿ ಇನ್ನೊಂದು ಸುದ್ದಿ ಬಂತು. ಯಡ್ರಾಮಿ ಈಗ ತಾಲೂಕಾ ಆಗಿದೆ, ಕಚೇರಿಗಳು ಬಂದಿವೆ, ಕಚೇರಿಗಳ ಜೊತೆ ಬ್ಲೌಸು ಹೊಲಿಸುವವರೂ ಬಂದಿದ್ದಾರೆ. ಅವಳ ಅಣ್ಣ ಅಲ್ಲೊಂದು ಅಂಗಡಿ ನೋಡಿದ್ದಾನೆ, ಕಾರಹುಣ್ಣಿಮೆ ಮುಗಿದ ಮೇಲೆ ತೆಗೆಯುವುದು ಎಂದು. ಅಂಗಡಿ ತೆಗೆದವಳು ಮತ್ತೆ ಕರಜಗಿಗೆ ಬರುವುದಿಲ್ಲ. ಇಷ್ಟು ಲೆಕ್ಕ ನನಗೆ ಬರುತ್ತದೆ. ಫೋನು ಮಾಡಿದೆ.

“ಹೆಂಗಿದ್ದೀ ಬೇ?”

“ಆರಾಮ ಅದೇನ್ರಿ ಅತ್ತೀ. ನೀವು?”

“ರೊಟ್ಟಿ ಬಡದು ಬಡದು ಕೈ ಸೇದಾಕತ್ತೈತಿ. ಯಾವಾಗ ಬರ್ತಿ?”

“ಆ ಸವತಿ ಹೋದ ದಿನ.”

“ಅವ ಮಾರಂಗಿಲ್ಲ. ಬ್ಯಾರೆ ಹೇಳು.”

ಆಕಡೆ ಹೊಲಿಗೆ ಮಷಿನ್ ನಿಂತಿತು.

“ಹಂಗಾದ್ರ ನೀವ ಅದರ ಮ್ಯಾಲ ಕುಂತು ಯಡ್ರಾಮಿಗೆ ಬರ್ರಿ. ನಿಮ್ಮ ಸೀರಿ ಅಂಚು ಹರೀಬಾರದು, ಗಾಡಿ ಕರಿ ಎಣ್ಣಿ ಒಂದ ಚುಕ್ಕಿ ಹತ್ತಬಾರದು. ಕಾರಹುಣ್ಣಿವಿ ಮರುದಿನ ತನಕ ಕಾಯ್ತೇನಿ. ಹಂಗ ಬಂದ್ರ ಅವತ್ತನ ಹೊಂಟು ಬರ್ತೇನಿ.”

ನಾನು ಯಾವತ್ತೂ ಎರಡು ಗಾಲಿಯ ಗಾಡಿ ಹತ್ತಿದವಳಲ್ಲ. ಜ್ವರ ಬಂದಾಗಲೂ ಮೋಟರ್ ಸೈಕಲ್ ಬೇಡ ಎಂದು ನಡೆದು ಬಸ್ಸಿಗೆ ಹೋದವಳು. ಅದು ಅವಳಿಗೆ ಗೊತ್ತು. ಗೊತ್ತಿದ್ದೇ ಆ ಮಾತು ಹಾಕಿದಳು.

“ಬರ್ತೇನಿ,” ಎಂದೆ. ಆಕಡೆ ಕತ್ತರಿ ಕೆಳಗೆ ಬಿದ್ದ ಸದ್ದಾಯಿತು. ಆ ಕ್ಷಣ ನನಗೆ ಹಿತವಾಗಿತ್ತು.

ಮಗನಿಗೆ ಹೇಳಿದೆ. ಅವನು ಪಾನಾ ಕೆಳಗಿಟ್ಟ.

“ನೀ ಕುಂದ್ರತೀ ಏನ ಬೇ?”

“ಮದಲ ಕುಂದ್ರು ಜಾಗಾ ಮಾಡಲೇ.”

ಗಾಡಿ ಅಫಜಲಪುರದ ವೆಲ್ಡಿಂಗ್ ಚಾಚಾನ ಅಂಗಡಿಗೆ ಹೋಯಿತು. ಅಳತೆಗೆ ನಾನೂ ಹೋದೆ, ಬಸ್ಸಿನಲ್ಲಿ. ಚಾಚಾ ಕನ್ನಡಕ ಹಣೆಗೇರಿಸಿ ಗಾಡಿಯನ್ನು ನೋಡಿದ, ನನ್ನನ್ನು ನೋಡಿದ.

“ಅಮ್ಮಾ, ಇಟಲಿ ಗಾಡಿಗೆ ಸೀರಿ ಗಾರ್ಡ್ ನಮ್ಮ ಖಾನದಾನದಾಗ ಯಾರೂ ಹಚ್ಚಿಲ್ರಿ.”

“ನಮ್ಮ ಖಾನದಾನದಾಗ ಯಾರೂ ಕುಂತಿಲ್ಲ. ನೀ ಹಚ್ಚು.”

“ಇದನ್ನ ಮಾಡಿದಾವ ಬಂದು ನೋಡಿದ್ರ ಅಳ್ತಾನ ನೋಡ್ರಿ.”

“ಅಳ್ಲಿ. ಅವನ ಸೊಸಿ ಏನ ತವರಿಗೆ ಹೋಗಿಲ್ಲ.”

ಚಾಚಾ ಕನ್ನಡಕ ಇಳಿಸಿ ಕೆಲಸ ಶುರು ಮಾಡಿದ. ಹಿಂದಕ್ಕೆ ಪೈಪು ಕೂಡಿಸಿ ಸೀಟು ಕಟ್ಟಿದ. ಎಡಗಡೆ ಒಂದು ಕಾಲುಹಲಗೆ, ಅದರ ಮೇಲೆ ಕಂಬಿಯ ಜಾಳಿಗೆಯ ಸೀರೆ ಗಾರ್ಡು. ಬಲಗಡೆ ಸಣ್ಣದೊಂದು ಕಾಲ್ಮೆಟ್ಟು. ಚೈನು ಪೂರ್ತಿ ಮುಚ್ಚುವ ಹಾಗೆ ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಹಚ್ಚಿದ. ಡಬ್ಬಿಯ ಮೇಲಿನ ಸೂರ್ಯಕಾಂತಿ ಹೂವು ಹೊರಗೆ ಕಾಣುತ್ತಿತ್ತು. ತಿರುಗಿಸಿ ಹಚ್ಚು ಎಂದು ಮಗ ಅತ್ತ. ಚಾಚಾ ಆಗಲೇ ಬೆಸುಗೆ ಹಾಕಿ ಆಗಿತ್ತು. ಹ್ಯಾಂಡಲ್ಲು ಬಹಳ ತಗ್ಗಿನಲ್ಲಿತ್ತು. ಓಡಿಸುವವನು ನಮಾಜಿಗೆ ಬಾಗಿದ ಹಾಗೆ ಬಾಗಿದರೆ ಹಿಂದಿನವರು ಹಿಡಿದುಕೊಳ್ಳುವುದು ಏನನ್ನು ಎಂದು ಚಾಚಾನೇ ಕೇಳಿ, ಅದನ್ನೂ ಎತ್ತರಿಸಿಕೊಟ್ಟ.

ಮೊದಲು ನನ್ನನ್ನು ಕೂರಿಸಲಿಲ್ಲ. ತೊಗರಿ ಚೀಲ ಕಟ್ಟಿ ನೋಡಿದರು. ಚೀಲ ತಡೆಯಿತು. ಸೀರೆಯ ಪರೀಕ್ಷೆ ಆಗಬೇಕಲ್ಲ, ಅದಕ್ಕೆ ನನ್ನ ಹಳೆಯ ಸೀರೆಯನ್ನು ಚೀಲಕ್ಕೆ ಉಡಿಸಿ, ಸೆರಗು ಬಿಟ್ಟು, ಮಗ ಊರ ಸುತ್ತ ಓಡಿಸಿದ. ಮರುದಿನ ನೀರಿಗೆ ಹೋದಾಗ ಪಕ್ಕದ ಮನೆಯವಳು ಕೇಳಿದಳು:

“ಸೊಸಿ ಬಂದಾಳಂತಲ್ಲಬೇ. ಭಾಳ ದಪ್ಪ ಆಗ್ಯಾಳ!”

“ತವರಮನಿ ಊಟ,” ಎಂದೆ. ವಿವರಿಸುವುದಕ್ಕೆ ನನಗೆ ಪುರುಸೊತ್ತಿರಲಿಲ್ಲ.

ಹೀಗೆ ಎಲ್ಲ ಸಿದ್ಧವಾಗುವಷ್ಟರಲ್ಲಿ ಕಾರಹುಣ್ಣಿಮೆ ಬಂತು. ಮರುದಿನವೇ ಯಡ್ರಾಮಿಗೆ ಹೊರಡುವುದೆಂದು ನಿಶ್ಚಯ. ಅವಳು ಕೊಟ್ಟ ಕೊನೆಯ ದಿನವೂ ಅದೇ.

ಕಾರಹುಣ್ಣಿಮೆಯೆಂದರೆ ಎತ್ತುಗಳ ಹಬ್ಬ. ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಜೂಲು ಹೊದಿಸುತ್ತಾರೆ. ಅದಕ್ಕೂ ಮೊದಲು ಗೊಟ್ಟ ಹಾಕುತ್ತಾರೆ. ಗೊಟ್ಟವೆಂದರೆ ಬಿದಿರಿನ ಕೊಳವೆ. ಒಂದು ತುದಿ ಓರೆಯಾಗಿ ಕತ್ತರಿಸಿರುತ್ತದೆ. ಎತ್ತಿನ ಬಾಯಿಗೆ ಅದನ್ನಿಟ್ಟು ಕುಸುಬಿ ಎಣ್ಣೆ, ಅರಿಷಿಣ ಕುಡಿಸಿದರೆ ಮಳೆಗಾಲದ ಕೆಲಸಕ್ಕೆ ಮೈ ಬಲಿಯುತ್ತದೆ. ನಮ್ಮ ಮುದುಕ ಬುದ್ಧಿ ಬಂದಾಗಿನಿಂದ ಒಂದು ವರ್ಷವೂ ತಪ್ಪಿಸಿದವನಲ್ಲ. ಆ ವರ್ಷ ಎತ್ತಿರಲಿಲ್ಲ. ಓಣಿಯಲ್ಲಿ ಅಲ್ಲೊಂದು ಇಲ್ಲೊಂದು ಮನೆಯ ಎತ್ತು ಗೆಜ್ಜೆ ಕಟ್ಟಿಕೊಂಡು ಹೋಗುವಾಗ ಇವನು ಕಟ್ಟೆಯ ಮೇಲೆ ಕೂತು ಕಾಲು ತಿಕ್ಕಿಕೊಳ್ಳುತ್ತಿದ್ದ.

ನಾನು ಕರಿಗಡಬು ಕರಿಯುತ್ತಿದ್ದೆ. ಬಂದು ಕುಸುಬಿ ಎಣ್ಣೆಯ ಡಬ್ಬಿ ತೆಗೆದುಕೊಂಡ. ಮೊಣಕಾಲಿಗೆ ಹಚ್ಚಿಕೊಳ್ಳುತ್ತಾನೆ ಎಂದುಕೊಂಡೆ. ಗೋಡೆಯ ಗೂಟದಲ್ಲಿದ್ದ ಗೊಟ್ಟವನ್ನೂ ತೆಗೆದುಕೊಂಡದ್ದು ನಾನು ನೋಡಲಿಲ್ಲ.

ಮಧ್ಯಾಹ್ನ ಮಗ ಗಾಡಿ ಚಾಲೂ ಮಾಡಿದ. ಕಟಕಟ ಇಲ್ಲ. ಎಂಜಿನ್ನು ಮೆತ್ತಗೆ ಗುರುಗುಟ್ಟುತ್ತಿತ್ತು.

ಮುದುಕ ಕಟ್ಟೆಯಿಂದ ಕೂಗಿದ, “ಸಪ್ಪಳ ನಿಂತೈತಿಲ್ಲೋ?”

ಮಗ ಗೇರು ಹಾಕಿದ. ಎಂಜಿನ್ನು ಕೂಗಿತು. ಗಾಡಿ ನಿಂತಲ್ಲೇ ನಿಂತಿತು. ಇನ್ನೂ ಜೋರಾಗಿ ಕೂಗಿತು. ಗಾಲಿ ಮಾತ್ರ ಅದಕ್ಕೂ ತನಗೂ ಸಂಬಂಧವಿಲ್ಲ ಎನ್ನುವ ಹಾಗಿತ್ತು. ಮಗ ಇಳಿದು ಕಿಟಕಿಯೊಳಗೆ ಬೆರಳು ಹಾಕಿದ. ಬೆರಳು ಹಳದಿಯಾಗಿ ಹೊರಗೆ ಬಂತು.

“ಅಪ್ಪಾ! ಏನ್ ಹಾಕೀದಿ?”

“ಗೊಟ್ಟ ಹಾಕೇನಿ.”

“ಗಾಡಿಗೆ?”

“ಮತ್ಯಾರಿಗೆ ಹಾಕ್ಲಿ? ಎತ್ತ ಎಲ್ಲದಾವ? ಎಲ್ಲಾ ಕಿಟಿಕ್ಯಾಗೂ ಸಮಾ ಹಾಕೇನಿ. ಅರಿಷಿಣಾನೂ ಕಲಿಸೇನಿ.”

“ಒಣಾ ಕ್ಲಚ್ಚು ಅಂತ ಎಷ್ಟ ಸಲ ಹೇಳೇನಿ ನಿನಗ?”

“ಅದಕ್ಕನ ಹಾಕೇನಿ! ಸಪ್ಪಳ ನಿಂತೈತಿಲ್ಲ? ನಾಳಿ ಸೊಸಿನ ಕರಕೊಂಡು ಬರೂ ಗಾಡಿ, ಹಸದು ಹೋಗಬೇಕೇನು?”

ಮಗ ತಲೆ ಹಿಡಿದುಕೊಂಡು ಗೋದಲಿಯ ಅಂಚಿಗೆ ಕೂತುಬಿಟ್ಟ. ಎಣ್ಣೆಯಾದರೆ ಕ್ಲಚ್ಚಿನ ಪ್ಲೇಟುಗಳು ಜಾರಿ ಗಾಲಿಗೆ ಬಲ ಹೋಗುವುದಿಲ್ಲವಂತೆ. ಹೊಸ ಪ್ಲೇಟುಗಳನ್ನು ತರಿಸಬೇಕೆಂದರೆ ಕೊರಿಯರು ಬರುವಷ್ಟರಲ್ಲಿ ಯಡ್ರಾಮಿಯಲ್ಲಿ ಅಂಗಡಿಯ ಬಾಗಿಲು ತೆಗೆದಿರುತ್ತದೆ. ನಾನು ಕರಿಗಡಬಿನ ಬಾಣಲೆ ಇಳಿಸಿದೆ. ಇನ್ನೇನು ಮಾಡಬಹುದು ಎಂದು ಕೇಳಿದೆ. ಪ್ಲೇಟುಗಳನ್ನು ಬಿಚ್ಚಿ ಪೆಟ್ರೋಲಿನಲ್ಲಿ ತೊಳೆಯಬಹುದು, ಆದರೆ ಅವು ಎಣ್ಣೆ ಕುಡಿದುಬಿಟ್ಟಿವೆ, ಕಾಯಿಸಿ ಹೊರಗೆ ಎಳೆಯಬೇಕು ಎಂದ.

“ಯಾವುದರ ಮ್ಯಾಲ ಕಾಯಿಸ್ತಿ?”

“ಹಂಚು ಕೊಡ್ತಿಯೇನವ್ವಾ?”

ನಮ್ಮ ಮನೆಯಲ್ಲಿ ರೊಟ್ಟಿ ಮಾಡುವ ಹಂಚು ಎರಡಿದ್ದವು. ಒಂದು ನನ್ನದು. ಇನ್ನೊಂದು ಸೊಸೆ ಯಡ್ರಾಮಿಯಿಂದ ತಂದದ್ದು, ಅವಳ ಅವ್ವ ಕೊಟ್ಟದ್ದು. ನಾನು ಸೊಸೆಯ ಹಂಚನ್ನು ಕೊಟ್ಟೆ.

ಅವನು ಅಂಗಳದಲ್ಲಿ ಪ್ಲೇಟುಗಳನ್ನು ಪೆಟ್ರೋಲಿನಲ್ಲಿ ತೊಳೆದು ಬಿಸಿಲಿಗೆ ಆರಿಸಿದ. ಒಣಗಿದವು ಎಂದು ಗ್ಯಾರಂಟಿಯಾದ ಮೇಲೆ ದೂರದಲ್ಲಿ ಕಲ್ಲೊಲೆ ಹೂಡಿ, ಒಂದೊಂದಾಗಿ ಹಂಚಿನ ಮೇಲಿಟ್ಟು ತಿರುವಿ ಹಾಕಿದ. ಎಣ್ಣೆ ಚುರ್ ಎಂದು ನೊರೆಯಾಗಿ ಬರುತ್ತಿತ್ತು. ನಾನು ಚಿಂದಿಯಿಂದ ಒತ್ತಿ ಒರೆಸುತ್ತಿದ್ದೆ, ರೊಟ್ಟಿ ಒತ್ತಿದ ಹಾಗೆ. ಅರಿಷಿಣದ ಘಮ ಓಣಿಗೆಲ್ಲ ಹರಡಿತು. ಪಕ್ಕದ ಮನೆಯವಳು ಗೋಡೆಯ ಮೇಲಿನಿಂದ ಮುಖ ತೂರಿಸಿದಳು.

“ಏನ್ ಕರ್ಯಾಕತ್ತೀರಿ ಬೇ, ಇಷ್ಟ ವಾಸನಿ ಬರಾಕತ್ತೈತಿ?”

“ಕ್ಲಚ್ಚು.”

“ನಮ್ಮ ಮನಿಗೂ ನಾಕು ಕಳಸ್ರಿ,” ಎಂದು ಹೇಳಿ ಇಳಿದಳು.

ಮುದುಕ ಕಟ್ಟೆಯ ಮೇಲೆ ಕೂತು ಕರಿಗಡಬು ತಿನ್ನುತ್ತಿದ್ದ. ಕುಡಿಸಿದ್ದನ್ನು ಕಕ್ಕಿಸಬಾರದು, ಎತ್ತು ಸೊರಗುತ್ತದೆ ಎಂದು ಒಂದು ಸಲ ಹೇಳಿದ. ಹೊತ್ತು ಮುಳುಗುವುದರೊಳಗೆ ಮಗ ಪ್ಲೇಟುಗಳನ್ನು ಉಸುಕಿನ ಕಾಗದದಿಂದ ತಿಕ್ಕಿ ಮತ್ತೆ ಜೋಡಿಸಿದ. ಚಾಲೂ ಮಾಡಿದ. ಕಟಕಟ ಶುರುವಾಯಿತು. ಆ ಸದ್ದು ಕೇಳಿ ನನಗೂ ಒಂದು ನಮೂನೆ ಸಮಾಧಾನವಾದದ್ದು ಅದೇ ಮೊದಲು.

ಬೆಳಿಗ್ಗೆ ನಾನು ನನ್ನ ಹಸಿರು ಇಳಕಲ್ಲು ಸೀರೆ ಉಟ್ಟೆ, ಕಚ್ಚೆ ಹಾಕಿ. ಎಡಗಡೆ ಕಾಲುಹಲಗೆಯ ಮೇಲೆ ಎರಡೂ ಕಾಲಿಟ್ಟು ಓರೆಯಾಗಿ ಕೂತು ನೋಡಿದೆ. ಕೂತಲ್ಲೇ ತಲೆ ತಿರುಗಿತು. ಇಳಿದೆ.

“ಏನಾತು?” ಎಂದ ಮಗ.

“ಗಂಡಸ್ರಂಗ ಕುಂದ್ರತೇನಿ.”

“ಅವ್ವಾ, ಅಷ್ಟ ಕಷ್ಟಾ ಪಟ್ಟು ಸೀರಿ ಗಾರ್ಡ್ ಮಾಡಿಸಿದ್ದು ಓರೆ ಕುಂದ್ರಲಿ ಅಂತನ!”

“ಅದು ನಿನ್ನ ಹೆಂಡ್ತಿಗಿರ್ಲಿ. ನಾ ಬಿದ್ರ ಸೀರಿ ಅಂಚು ನೋಡ್ಲಿಕ್ಕೆ ಯಾರ ಇರ್ತಾರ?”

ಕಚ್ಚೆ ಬಿಗಿದುಕೊಂಡು, ಅವನ ಹೆಗಲು ಹಿಡಿದು, ಕಾಲು ಆಚೆ ಹಾಕಿ ಕೂತೆ. ಗೋಡೆಯ ಆಚೆ ನೆರೆಮನೆಯವಳು ಕೊಡ ಇಳಿಸಿ ನೋಡಿದಳು. ಮುದುಕ ಗಾಡಿಯ ಮುಂದಿನ ಗಾಲಿಗೆ ನಿಂಬೆಹಣ್ಣಿಟ್ಟ. ಹೋದೆವು.

ದಾರಿಯ ಬಗ್ಗೆ ಹೇಳುವುದು ಹೆಚ್ಚಿಲ್ಲ. ನಾನು ಬಹಳಷ್ಟು ಹೊತ್ತು ಕಣ್ಣು ಮುಚ್ಚಿದ್ದೆ. ಸೀಟಿನ ಕೆಳಗೆ ಆ ಎರಡು ಬಾಯಿಗಳು ಒಲೆಯ ಹಾಗೆ ಕಾಯುತ್ತಿದ್ದವು. ನನ್ನ ಸೊಂಟದ ನೋವಿಗೆ ಅದು ಚಲೋ ಆಯಿತು. ಯಾವ ಡಾಕ್ಟರನ ಮುಲಾಮಿಗೂ ಅಷ್ಟು ಗುಣ ಬಂದಿರಲಿಲ್ಲ. ಭೀಮೆಯ ಸೇತುವೆಯ ಮೇಲೆ ಕಣ್ಣು ತೆರೆದೆ, ನೀರಿತ್ತು, ಮತ್ತೆ ಮುಚ್ಚಿದೆ. ಜೇವರ್ಗಿ ಹತ್ತಿರ ಒಂದು ದಿಬ್ಬದಲ್ಲಿ ಎಂಜಿನ್ನು ಕೂಗಿತು, ಗಾಡಿ ಓಟ ಕಳೆದುಕೊಂಡಿತು. ಪ್ಲೇಟಿನಲ್ಲಿ ಎಣ್ಣೆ ಇನ್ನೂ ಉಳಿದಿತ್ತು. ಮಗನ ಬೆನ್ನು ಗಟ್ಟಿಯಾದದ್ದು ನನ್ನ ಕೈಗೆ ತಿಳಿಯಿತು.

“ಇಳೀಲೇನು?” ಎಂದೆ.

“ಬ್ಯಾಡ. ನೀ ಇಳದ್ರ ಶರ್ತು ಹೋತು.”

ಅವನು ಅವಸರ ಮಾಡಲಿಲ್ಲ. ಕೈ ಇಳಿಸಿ, ಮುದಿ ಎತ್ತನ್ನು ಹಳ್ಳ ದಾಟಿಸುವ ಹಾಗೆ ಮೆಲ್ಲಗೆ ಹತ್ತಿಸಿದ. ಒಂದು ಗೊಬ್ಬರದ ಟ್ರ್ಯಾಕ್ಟರು ನಮ್ಮನ್ನು ದಾಟಿಕೊಂಡು ಹೋಯಿತು. ಅದರ ಡ್ರೈವರು ನಮ್ಮನ್ನೇ ನೋಡುತ್ತಾ ಹೋದ. ನಾನು ಅವನನ್ನು ನೋಡಿದೆ. ಇಟಲಿ ಗಾಡಿಯ ಓಟ ಅಂದರೆ ಇಷ್ಟೇ ಏನು ಎಂದು ನನಗೆ ಅನಿಸಿತು.

ಯಡ್ರಾಮಿಯಲ್ಲಿ ಸೊಸೆ ಬಾಗಿಲಲ್ಲೇ ನಿಂತಿದ್ದಳು. ಕಟಕಟ ಸದ್ದು ಓಣಿಯ ಆಚೆಯಿಂದಲೇ ಕೇಳಿರಬೇಕು. ಪಕ್ಕದಲ್ಲಿ ಅವಳ ಅಣ್ಣ, ಕೈಯಲ್ಲಿ ಹೊಸ ಅಂಗಡಿಯ ಕೀಲಿ. ನಾನು ಇಳಿದೆ. ಗೋಡೆ ಹಿಡಿದು ನಿಂತೆ.

“ಬಂದ್ರಿ,” ಎಂದಳು.

“ಬಂದೆ. ನೋಡ್ಕೋ.”

ಅವಳು ನೀರು ಕೂಡ ಕೊಡದೆ ನೋಡತೊಡಗಿದಳು. ಬ್ಲೌಸಿಗೆ ಅಳತೆ ತೆಗೆಯುವವರ ಹಾಗೆ ನನ್ನನ್ನು ತಿರುಗಿಸಿದಳು. ಸೆರಗು ನೋಡಿದಳು. ಎಡಗಡೆಯ ಅಂಚನ್ನು ಬೆರಳಿನ ನಡುವೆ ಹಾಯಿಸಿದಳು. ಒಂದು ನೂಲು ಕಿತ್ತಿರಲಿಲ್ಲ. ಬಲಗಡೆಗೆ ಬಂದು ಬಾಗಿದಳು. ಅಲ್ಲೇ ನಿಂತಳು. ಮೀನಖಂಡದ ಹತ್ತಿರ ಅಂಚಿನ ಮೇಲೆ ಚುಕ್ಕಿಗಳಿದ್ದವು. ಗಾರ್ಡು ಇದ್ದದ್ದು ಎಡಕ್ಕೆ, ಕಿಟಕಿಯ ಮುಚ್ಚಳ ಬಲಕ್ಕೆ. ಉಳಿದ ಎಣ್ಣೆಯನ್ನು ಅದು ದಾರಿಯುದ್ದಕ್ಕೂ ನನ್ನ ಕಾಲಿಗೆ ಉಗುಳುತ್ತಾ ಬಂದಿತ್ತು.

ಮಗನ ಮುಖ ನೋಡುವ ಹಾಗಿರಲಿಲ್ಲ. ಅವಳ ಅಣ್ಣ ಕೀಲಿಯನ್ನು ಜೇಬಿಗೆ ಹಾಕಿ ಮತ್ತೆ ಹೊರಗೆ ತೆಗೆದ.

ಅವಳು ಚುಕ್ಕಿಯನ್ನು ಬೆರಳಿನಿಂದ ತಿಕ್ಕಿದಳು, ಮೂಗಿಗೆ ಹಿಡಿದಳು.

“ಇದು ಗಾಡಿ ಎಣ್ಣಿ ಅಲ್ಲ.”

ಮತ್ತೊಮ್ಮೆ ಮೂಸಿದಳು.

“ಕುಸುಬಿ ಎಣ್ಣಿ. ಅರಿಷಿಣ ಐತಿ ಇದರಾಗ. ಗಾಡ್ಯಾಗ ಒಗ್ಗರಣಿ ಹಾಕೀರೇನು?”

“ಅಪ್ಪ ಗೊಟ್ಟ ಹಾಕ್ಯಾನ,” ಎಂದ ಮಗ.

ಅವಳ ಅಣ್ಣ ಗೋಡೆಯ ಕಡೆ ತಿರುಗಿದ, ಹೆಗಲು ಕುಣಿಯುತ್ತಿದ್ದವು. ಸೊಸೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಷ್ಟಕ್ಕೆ ನಿಲ್ಲಿಸಿದ್ದರೆ ಆಗುತ್ತಿತ್ತು. ನನ್ನ ಮಗನಿಗೆ ಗಾಡಿಯ ಮಾತು ಒಮ್ಮೆ ಶುರುವಾದರೆ ನಿಲ್ಲುವುದಿಲ್ಲ. ಪ್ಲೇಟು ಬಿಚ್ಚಿದ್ದು, ಪೆಟ್ರೋಲಿನಲ್ಲಿ ತೊಳೆದದ್ದು, ಹಂಚಿನ ಮೇಲೆ ಕಾಯಿಸಿದ್ದು, ಎಲ್ಲ ಹೇಳಿದ.

ಬಾಯಿ ಮೇಲಿನ ಸೆರಗು ಕೆಳಗಿಳಿಯಿತು.

“ಯಾವ ಹಂಚು?”

ಮಗ ನನ್ನನ್ನು ನೋಡಿದ. ನಾನು ಬೇವಿನ ಗಿಡ ನೋಡಿದೆ.

“ಅತ್ತೀ, ಯಾವ ಹಂಚ್ರಿ?”

“ಮೂಲ್ಯಾಗ ಇತ್ತಲ್ಲ, ಅದು.”

“ಅದು ನಮ್ಮವ್ವ ಕೊಟ್ಟ ಹಂಚು!”

“ನೀ ಇಲ್ಲಂದ ಮ್ಯಾಲ ಖಾಲಿ ಕುಂತಿತ್ತು.”

“ನಿಮ್ಮ ಹಂಚೇನಾಗಿತ್ತು?”

“ಅದರ ಮ್ಯಾಲ ರೊಟ್ಟಿ ಮಾಡ್ತೇನಿ.”

ಅವಳು ಒಳಗೆ ಹೋದಳು. ಪೆಟ್ಟಿಗೆಯ ಸದ್ದು ಕೇಳಿಸಿತು. ಚೀಲ ಹಿಡಿದು ಹೊರಗೆ ಬಂದಳು. ಅಣ್ಣ ಅಡ್ಡ ನಿಂತ.

“ಚುಕ್ಕಿ ಬಿದ್ದೈತಲ್ಲ ತಂಗೀ? ನಿನ್ನ ಶರ್ತು?”

“ಕರಿ ಎಣ್ಣಿ ಹತ್ತಬಾರದು ಅಂದಿದ್ದೆ. ಇದು ಅಡಿಗಿ ಎಣ್ಣಿ. ಅಡಿಗಿ ಎಣ್ಣಿ ನಮ್ಮತ್ತಿ ಸೀರಿ ಮ್ಯಾಲ ಯಾವತ್ತೂ ಇರತೈತಿ.”

“ಅಂಗಡಿ?”

ಅವಳು ಗಂಡನ ಕಡೆ ತಿರುಗಿದಳು. “ಕೊಟ್ಟಿಗಿ ಅರ್ಧಾ ನನಗ ಬೇಕು. ಬೆಳಕಿರೂ ಅರ್ಧಾ. ಮಷಿನ್ ಅಲ್ಲೇ ಇಡ್ತೇನಿ.”

“ತಗೋ,” ಎಂದ ಮಗ. ಅವನು ಆ ಹೊತ್ತಿನಲ್ಲಿ ಎಂಜಿನ್ನು ಕೇಳಿದ್ದರೂ ಕೊಡುತ್ತಿದ್ದ.

ಅವಳು ಸೀರೆ ಗಾರ್ಡನ್ನು ಅಲ್ಲಾಡಿಸಿ ನೋಡಿದಳು. ಬೆಸುಗೆಯ ಮೇಲೆ ಉಗುರು ಹಾಯಿಸಿದಳು, ಹೊಲಿಗೆ ನೋಡುವವರ ಹಾಗೆ. ಚೈನಿನ ಮುಚ್ಚಳದ ಸೂರ್ಯಕಾಂತಿ ಹೂವನ್ನು ಸ್ವಲ್ಪ ಹೊತ್ತು ನೋಡಿದಳು. ಸೆರಗು ಸೊಂಟಕ್ಕೆ ಬಿಗಿದು, ಓರೆಯಾಗಿ ಕೂತು, ಗಂಡನ ಬೆನ್ನಿಗೆ ಗುದ್ದಿ, “ಮೆಲ್ಲಗ ನಡೀ,” ಎಂದಳು. ಹೋದರು.

ನಾನು ಬಸ್ಸಿನಲ್ಲಿ ಬಂದೆ, ತೊಡೆಯ ಮೇಲೆ ಅವಳ ಹೊಲಿಗೆ ಮಷಿನ್ ಇಟ್ಟುಕೊಂಡು. ಆ ಗಾಡಿಗಿಂತ ಅದು ಭಾರವಾಗಿತ್ತು. ಸೀಟು ತಣ್ಣಗಿತ್ತು, ಸೊಂಟ ನೋಯುತ್ತಿತ್ತು.

ಮನೆಗೆ ಬಂದಾಗ ಅವಳು ಅಂಗಳದಲ್ಲಿ ಕೂತು ಬೂದಿ ಹಾಕಿ ಹಂಚು ತಿಕ್ಕುತ್ತಿದ್ದಳು. ಎಷ್ಟು ತಿಕ್ಕಿದರೂ ಪೆಟ್ರೋಲಿನ ವಾಸನೆ ಸಂಪೂರ್ಣ ಹೋಗಲಿಲ್ಲ. ಅವಳು ಅದಕ್ಕೊಂದು ಪರಿಹಾರ ಕಂಡುಕೊಂಡಳು. ಈಗ ನನ್ನ ಹಂಚಿನ ಮೇಲೆ ಅವಳು ರೊಟ್ಟಿ ಮಾಡುತ್ತಾಳೆ, ಅವಳ ಹಂಚನ್ನು ನನಗೆ ಕೊಟ್ಟಿದ್ದಾಳೆ.

ಕೊಟ್ಟಿಗೆಯಲ್ಲಿ ಒಂದು ಕಡೆ ಹೊಲಿಗೆ ಮಷಿನ್, ಇನ್ನೊಂದು ಕಡೆ ಗಾಡಿ. ಹೊಸ ಕ್ಲಚ್ ಪ್ಲೇಟು ಬಂದವು, ಮಗ ಹಾಕಿದ. ಕಟಕಟ ಇನ್ನೂ ಜೋರಾಗಿದೆ. ಮುದುಕ ಪ್ರತಿದಿನ ಬೆಳಿಗ್ಗೆ ಹೋಗಿ ಕೇಳಿಕೊಂಡು ಬರುತ್ತಾನೆ.

“ಇನ್ನೂ ಒಣಗೇ ಐತಿ ನೋಡು ಅದು,” ಎನ್ನುತ್ತಾನೆ.

ಗೊಟ್ಟ ಗೋಡೆಯ ಗೂಟದಲ್ಲೇ ಇದೆ. ಅದನ್ನು ತೆಗೆದಿಟ್ಟರೆ ಅವನಿಗೆ ಬೇಸರವಾಗುತ್ತದೆ. ಎಣ್ಣೆಯ ಡಬ್ಬಿಯನ್ನು ಅಟ್ಟದ ಮೇಲೆ ಇಟ್ಟಿದ್ದೇವೆ. ಏಣಿ ಹತ್ತಲು ಅವನಿಗೆ ಮೊಣಕಾಲಿಲ್ಲ.